ರೌಟರ್ ಯಂತ್ರವನ್ನು ಹಿಡಿಯುವ ಮುನ್ನ

ಹಲಗೆಯ ಅಂಚನ್ನು ದುಂಡಗೆ ಮಾಡುವುದು, ನೇರವಾದ ತೋಡು ಕೊರೆಯುವುದು, ಬಾಗಿಲಿಗೆ ಚಿತ್ತಾರ ಬಿಡಿಸುವುದು, ಇವೆಲ್ಲ ಉಳಿ ಕೊಡತಿಗಳಿಂದ ದಿನವಿಡೀ ನಡೆಯುತ್ತಿದ್ದ ಕೆಲಸಗಳು. ರೌಟರ್ ಎಂಬ ವಿದ್ಯುತ್ ಯಂತ್ರವು ಈಗ ಅವನ್ನು ಗಳಿಗೆಯಲ್ಲಿ ಮುಗಿಸುತ್ತದೆ. ನಮ್ಮ ತಂದೆಯವರು ಬಡಗಿಗಳು. ಮನೆತನದಲ್ಲಿ ಮೊದಲಿಗೆ ಕಾಲೇಜಿನ ಮೆಟ್ಟಲು ಹತ್ತಿದ ನನಗೆ ಪುಸ್ತಕಗಳಷ್ಟೇ ಈ ಯಂತ್ರದ ಪರಿಚಯವೂ ಉಂಟು. ನನ್ನ ಶುಲ್ಕವೆಲ್ಲ ಅವರ ಹತ್ತು ಬೆರಳುಗಳಿಂದ ಬಂದದ್ದಾದ್ದರಿಂದ, ಕೆಳಗಿನ ಮಾತುಗಳು ಕೊಂಚ ಕಟುವಾಗಿ ಕಂಡರೆ ವಾಚಕರು ಮನ್ನಿಸಬೇಕು.

ಉಳಿಯು ಕೈಯ ಬಲದಷ್ಟೇ ಚಲಿಸುತ್ತದೆ; ಕೈ ನಿಂತರೆ ಅದೂ ನಿಲ್ಲುತ್ತದೆ. ರೌಟರಿನ ಅಲಗಾದರೋ ನಿಮಿಷಕ್ಕೆ 24,000 ಸುತ್ತು, ಎಂದರೆ ಸೆಕೆಂಡಿಗೆ 400 ಸುತ್ತು ತಿರುಗಬಲ್ಲದು. ಹೊಸಬರು ಈ ವೇಗಕ್ಕೆ ಅಂಜುತ್ತಾರೆ. ಆದರೆ ವೇಗಕ್ಕಿಂತಲೂ ಮುಖ್ಯವಾದದ್ದು ಯಂತ್ರವನ್ನು ಯಾವ ಕಡೆಗೆ ನೂಕಬೇಕೆಂಬುದು. ಮೇಲಿನಿಂದ ನೋಡಿದರೆ ಅಲಗು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದ್ದರಿಂದ ಹಲಗೆಯ ಹೊರ ಅಂಚನ್ನು ಕೊರೆಯುವಾಗ ಮುಳ್ಳಿಗೆ ವಿರುದ್ಧವಾಗಿ ಸಾಗಬೇಕು; ನಮ್ಮೆದುರಿನ ಅಂಚಿನಲ್ಲಿ ಅದು ಎಡದಿಂದ ಬಲಕ್ಕೆ. ಚೌಕಟ್ಟಿನ ಒಳ ಅಂಚಾದರೆ ಮುಳ್ಳಿನಂತೆಯೇ ಸಾಗಬೇಕು. ಹೀಗೆ ನಡೆದಾಗ ಅಲಗು ನಮ್ಮ ನೂಕಿಗೆ ಎದುರಾಗಿ ಕತ್ತರಿಸುವುದರಿಂದ ಕೈಗೆ ಮರದ ತಡೆ ತಿಳಿಯುತ್ತಿರುತ್ತದೆ. ತಿರುಗುಮುರುಗಾಯಿತೋ, ಅಲಗು ಗಾಲಿಯಂತೆ ಮರದ ಮೇಲೆ ಉರುಳಿ, ಹಗ್ಗ ಹರಿದ ಹೋರಿಯ ಹಾಗೆ ಯಂತ್ರವನ್ನೇ ಎಳೆದೊಯ್ಯುತ್ತದೆ. ಯಂತ್ರವನ್ನು ತಲೆಕೆಳಗಾಗಿ ಮೇಜಿಗೆ ಕೂರಿಸಿದಾಗ ಲೆಕ್ಕ ಬೇರೆ: ಅಲ್ಲಿ ಮರವನ್ನು ಹಿಂಬದಿಯ ಅಡ್ಡಪಟ್ಟಿಗೆ ಒತ್ತಿ ಬಲದಿಂದ ಎಡಕ್ಕೆ ತಳ್ಳಬೇಕು. ಅಲಗಿಗೂ ಪಟ್ಟಿಗೂ ನಡುವೆ ಮರವನ್ನು ತೂರಿಸಲೇಬಾರದು.

ಅಲಗನ್ನು ಬದಲಿಸುವಾಗ ಸ್ವಿಚ್ಚನ್ನು ನಂಬದೆ ಪ್ಲಗ್ಗನ್ನೇ ಕೀಳತಕ್ಕದ್ದು. ಅಲಗಿನ ಕಾಂಡವನ್ನು ಕೊಲೆಟ್ಟಿನಲ್ಲಿ ತಳ ಮುಟ್ಟುವವರೆಗೆ ಇಳಿಸಿ, ಎರಡು ಮೂರು ಮಿಲಿಮೀಟರು ಮೇಲಕ್ಕೆಳೆದು ಬಿಗಿಯಬೇಕು; ತಳಕ್ಕೆ ತಗುಲಿಕೊಂಡೇ ಇದ್ದರೆ ಹಿಡಿತ ಸಡಿಲವಾಗಿ ನಡುವೆ ಜಾರಬಹುದು. 12 ಮಿ.ಮೀ. ಆಳದ ತೋಡನ್ನು ಒಂದೇ ಸಲಕ್ಕೆ ಕೊರೆಯದೆ ಮೂರು ಮೂರರಂತೆ ನಾಲ್ಕು ಬಾರಿ ತೆಗೆಯುವುದು ಲೇಸು. ಅಗಲವಾದ ಅಲಗಿಗೆ ವೇಗವನ್ನು ತಗ್ಗಿಸಬೇಕು. ಎಷ್ಟೆಂಬುದನ್ನು ತಯಾರಕರೇ ತಿಳಿಸಿರುತ್ತಾರೆ.

ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿಯುವ ರೂಢಿ ನಮ್ಮ ಕಡೆ ಉಂಟಷ್ಟೆ. ಉಳಿಗೆ ಅದು ನಡೆದೀತು, ರೌಟರಿಗೆ ಸಲ್ಲದು. ಹಲಗೆಗೆ ಕ್ಲಾಂಪು, ಯಂತ್ರಕ್ಕೆ ಎರಡೂ ಕೈ. ಕನ್ನಡಕ ಬೇಕು, ಕಿವಿಗೆ ರಕ್ಷೆ ಬೇಕು. ಕೈಗವಸು ಮಾತ್ರ ಬೇಡ, ಅದರ ಒಂದು ಎಳೆ ಸಿಕ್ಕರೂ ಬೆರಳು ಹಿಂಬಾಲಿಸುತ್ತದೆ. ಮೂಗಿನ ಮುಸುಕನ್ನು ನಮ್ಮ ಬಡಗಿಗಳು ನಗೆಯಾಡುವುದುಂಟು. ಮರದ ಹುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 1995ರಲ್ಲಿಯೇ ಸಾರಿದೆ.

ಯಂತ್ರವು ಪೂರ್ಣ ವೇಗಕ್ಕೆ ಬಂದ ಮೇಲೆ ಮರವನ್ನು ಮುಟ್ಟಿಸುವುದು; ಸ್ವಿಚ್ಚು ಆರಿಸಿದರೂ ಅಲಗು ಕೆಲವು ಕ್ಷಣ ತಿರುಗುತ್ತಲೇ ಇರುವುದರಿಂದ, ಅದು ನಿಂತುದನ್ನು ಕಣ್ಣಾರೆ ಕಂಡ ಬಳಿಕವೇ ಕೆಳಗಿಡುವುದು.