ಬಾಗಿಸುವುದು ತಂತಿ, ನಿಲ್ಲಿಸುವುದು ಮರ

ಹೊಳಲ್ಕೆರೆಯ ಓದುಗರೊಬ್ಬರ ಪ್ರಶ್ನೆ ನನಗೆ ಬಹಳ ಹಿಡಿಸಿತು. ಡಿಸೆಂಬರ್ ಮೊದಲ ವಾರ ತಮ್ಮ 'ಪೈನ್' ಬೋನ್ಸಾಯ್‌ಗೆ ಅಲ್ಯುಮಿನಿಯಂ ತಂತಿ ಸುತ್ತಿ ಕೊಂಬೆಯನ್ನು ಕೆಳಕ್ಕೆ ಬಾಗಿಸಿದ್ದರಂತೆ. ಸಂಕ್ರಾಂತಿಗೆ ತಂತಿ ತೆಗೆದರೆ ಕೊಂಬೆ ಮತ್ತೆ ಮೇಲೆದ್ದಿತು. 'ಚಳಿಗಾಲದಲ್ಲೇ ಸುತ್ತಿದೆನಲ್ಲ, ಎಲ್ಲಿ ತಪ್ಪಿತು?'

ಮೊದಲು ಮರದ ಹೆಸರು ಸರಿಮಾಡೋಣ. ನೀವು ಕಳಿಸಿದ ಫೋಟೊದಲ್ಲಿರುವುದು ಪೈನ್ ಅಲ್ಲ, ನಮ್ಮ ಸರ್ವೆ, ಅಂದರೆ ಗಾಳಿಮರ. ಒಂದು 'ಸೂಜಿ' ಕಿತ್ತು ಎರಡೂ ತುದಿ ಹಿಡಿದು ಎಳೆಯಿರಿ. ಕೊಳವೆಯಿಂದ ಕೊಳವೆ ಕಳಚಿದ ಹಾಗೆ ಗೆಣ್ಣಿನಲ್ಲಿ ಬಿಟ್ಟುಕೊಳ್ಳುತ್ತದೆ. ಭೂತಗನ್ನಡಿ ಹಿಡಿದರೆ ಗೆಣ್ಣಿನ ಸುತ್ತ ಸಾಮಾನ್ಯವಾಗಿ 6ರಿಂದ 8 ಪುಟ್ಟ ಹಲ್ಲುಗಳು. ಎಲೆಗಳೆಂದರೆ ಅವೇ! ನಾವು ಸೂಜಿ ಅಂದುಕೊಂಡದ್ದು ಹಸಿರು ಕಡ್ಡಿ. ಸರ್ವೆ ಹೂಬಿಡುವ ಮರ. ನೆಂಟಸ್ತಿಕೆಯಲ್ಲಿ ಪೈನ್‌ಗಿಂತ ಮಾವು, ಬೇವಿಗೇ ಹತ್ತಿರ. ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ನಿಜವಾದ ಶಂಕುಧಾರಿ (ಪೈನ್ ಗುಂಪಿನ) ಮರ ನಾಗೆಯ ಒಂದೇ. ಅದರ ಎಲೆಯೋ ಸೂಜಿಯಲ್ಲ, ಅಗಲ!

ಈಗ ಬಾಗಿನ ವಿಚಾರ. ತಂತಿ ಕೊಂಬೆಯನ್ನು ಹಿಡಿದಿಡುತ್ತದೆ, ಅಷ್ಟೇ. ಬಾಗನ್ನು ಖಾಯಂ ಮಾಡುವುದು ತೊಗಟೆಯಡಿಯ ಕೇಂಬಿಯಂ ಎಂಬ ತೆಳು ಜೀವಪದರ. ಬಾಗಿದ ಸ್ಥಿತಿಯಲ್ಲೇ ಅದು ಹೊಸ ಕಟ್ಟಿಗೆ ಕಟ್ಟಬೇಕು. ಹಳೆಯ ಕಟ್ಟಿಗೆಯ ಸೆಟೆತವನ್ನು ಆ ಹೊಸದು ಮೀರಿಸಬೇಕು. ಹೊಸದುರ್ಗದ ತೆಂಗಿಗೆ, ನಿಮ್ಮೂರಿನ ಅಡಿಕೆಗೆ ಕೇಂಬಿಯಂ ಇಲ್ಲ. ಅವುಗಳ ಬಲಿತ ಕಾಂಡಕ್ಕೆ ಎಷ್ಟು ತಂತಿ ಸುತ್ತಿದರೂ ವ್ಯರ್ಥ.

ಸೋಜಿಗ ಇರುವುದು ಮುಂದೆ. ಬಗ್ಗಿಸಿದ ಕೊಂಬೆ ಸುಮ್ಮನಿರುವುದಿಲ್ಲ, ಮೇಲೇಳಲು ಹಟ ಹಿಡಿಯುತ್ತದೆ. ಪೈನ್, ಜೂನಿಪರ್‌ಗಳು ಕೊಂಬೆಯ ಕೆಳಬದಿಯಲ್ಲಿ ಲಿಗ್ನಿನ್ ತುಂಬಿದ ವಿಶೇಷ ಕಟ್ಟಿಗೆ ಬೆಳೆಸಿ, ಊರುಗೋಲು ಕೊಟ್ಟ ಹಾಗೆ ಕೆಳಗಿನಿಂದ ತಳ್ಳುತ್ತವೆ. ಹೂಬಿಡುವ ಮರಗಳದು ಹೆಚ್ಚಾಗಿ ತದ್ವಿರುದ್ಧ: ಮೇಲ್ಬದಿಯಲ್ಲಿ ಸೆಲ್ಯುಲೋಸ್ ನಾರು ಬೆಳೆಸಿ, ಹಗ್ಗ ಜಗ್ಗಿದ ಹಾಗೆ ಎಳೆಯುತ್ತವೆ. ಒಮ್ಮೆ ಜೂನಿಪರ್‌ನ ಒಣಕೊಂಬೆಯನ್ನು ಅಡ್ಡ ಕೊಯ್ದು ನೋಡಿದ್ದೆ. ತಿರುಳು ನಡುವೆ ಇರಲಿಲ್ಲ, ಮೇಲಕ್ಕೆ ಸರಿದಿತ್ತು. ಕೆಳಗಿನ ಉಂಗುರಗಳು ಅಗಲ, ಬಣ್ಣ ಕೆಂಪು. ಕಣ್ಣಿಲ್ಲದ ಮರಕ್ಕೆ ಮೇಲು ಯಾವುದು, ಕೆಳಗು ಯಾವುದು ಎಂಬುದು ಎಷ್ಟು ಖಚಿತವಾಗಿ ಗೊತ್ತು!

ಹಿಮ ಬೀಳುವ ದೇಶಗಳಲ್ಲಿ ಮರ ಮಲಗಿದ್ದಾಗ ತಂತಿ ಸುತ್ತುತ್ತಾರೆ. ಬಾಗಿಗೆ ಬೀಗ ಬೀಳುವುದು ಮರ ಎದ್ದು ಬೆಳೆಯತೊಡಗಿದ ಮೇಲೆ. ಚಿತ್ರದುರ್ಗದ ಚಳಿಗೆ ಮರ ಹಾಗೆ ನಿದ್ದೆ ಹೋಗದು, ಕೊಂಚ ಮಂದವಾಗುತ್ತದೆ. ನೀವು ತಂತಿ ಬಿಚ್ಚಿದ್ದು ಆ ಮಂದಗಾಲದಲ್ಲೇ. ಹೊಸ ಕಟ್ಟಿಗೆ ಸಾಕಷ್ಟು ಬೆಳೆದೇ ಇರಲಿಲ್ಲ.

ಇನ್ನೊಂದು ಮಾತು. ಕುಬ್ಜ ಮರ ಮನೆಯಲ್ಲಿದ್ದರೆ ಮನೆತನದ ಏಳಿಗೆ ಕುಗ್ಗುತ್ತದೆ ಎಂದು ನಿಮ್ಮನ್ನು ಯಾರೋ ಹೆದರಿಸಿದ್ದಾರಂತೆ. ಶುದ್ಧ ಮೂಢನಂಬಿಕೆ. ದುರ್ಗದ ಕೋಟೆಯ ಕಲ್ಲುಸಂದಿಯಲ್ಲಿ ಮೊಳಕೆಯೊಡೆದ ಅರಳಿಯೂ ಮೊಳಕಾಲೆತ್ತರದಲ್ಲೇ ಉಳಿಯಬಲ್ಲದು. ಬೇರಿಗೆ ಜಾಗ ಕಡಿಮೆ, ನೀರು ಕಡಿಮೆ, ಕಾರಣ ಇಷ್ಟೇ. ಅದಕ್ಕೆ ಶಾಪ ಹಾಕಿದವರು ಯಾರು?

ಆದ್ದರಿಂದ ಹೆದರದೆ ಮತ್ತೆ ಸುತ್ತಿ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿ, ಸುಮಾರು 45 ಡಿಗ್ರಿ ಓರೆಯಲ್ಲಿ. ಬಿಸಿಲು ಏರಿದಂತೆ ಕೊಂಬೆ ಬೇಗ ದಪ್ಪವಾಗುತ್ತದೆ, ವಾರಕ್ಕೊಮ್ಮೆ ನೋಡುತ್ತಿರಿ. ತಂತಿ ತೊಗಟೆಯನ್ನು ಒತ್ತತೊಡಗಿದಾಗ ಸುರುಳಿ ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ. ಆಗಲೂ ಕೊಂಬೆ ಮೇಲೆದ್ದರೆ ಜಾಗ ಬದಲಿಸಿ ಇನ್ನೊಮ್ಮೆ ಸುತ್ತಿ. ತಂತಿ ತೆಗೆಯುವ ದಿನವನ್ನು ಕ್ಯಾಲೆಂಡರ್ ಹೇಳುವುದಿಲ್ಲ, ತೊಗಟೆ ಹೇಳುತ್ತದೆ.