ಮೇಲೆ ಕೋಟೆ, ಕೆಳಗೆ ಹೊಳೆ

ಬಾದಾಮಿಗೆ ಬಂದವರೆಲ್ಲ ಮೊದಲು ದಕ್ಷಿಣದ ಗುಡ್ಡಕ್ಕೆ ಹೋಗುತ್ತಾರೆ. ನಾಲ್ಕು ಗುಹೆ, ಹದಿನೆಂಟು ಕೈಯ ನಟರಾಜ, ಮೂರನೆಯ ಗುಹೆಯ ಮುಂದಿನಿಂದ ಅಗಸ್ತ್ಯತೀರ್ಥ ಕೆರೆಯ ಒಂದು ಫೋಟೋ. ಅಲ್ಲಿಗೆ ಬಾದಾಮಿ ಮುಗಿಯಿತೆಂದು ಗಾಡಿ ಪಟ್ಟದಕಲ್ಲಿನ ದಾರಿ ಹಿಡಿಯುತ್ತದೆ. ಕೆರೆಯ ಆಚೆ ದಂಡೆಗೆ ಕಡಿದಾಗಿ ಎದ್ದು ನಿಂತ ಉತ್ತರದ ಕೋಟೆಯನ್ನು ಹತ್ತಿ ನೋಡುವವರು ತೀರ ಕಡಿಮೆ. ಇದು ನನಗೆ ಬಹಳ ದಿನಗಳಿಂದ ಇರುವ ಸಂಕಟ. ಏಕೆಂದರೆ ವಾತಾಪಿ, ಅಂದರೆ ಅಂದಿನ ಬಾದಾಮಿ, ಚಾಲುಕ್ಯರ ರಾಜಧಾನಿಯಾದದ್ದು ಆ ಗುಡ್ಡದಿಂದ.

ಅದಕ್ಕೆ ಸಾಕ್ಷಿಯನ್ನು ಬಂಡೆಯ ಮೇಲೆಯೇ ಕೊರೆದಿಟ್ಟಿದ್ದಾರೆ. ಶಕ ವರ್ಷ 465, ಅಂದರೆ ಕ್ರಿ.ಶ. 543ರ ಸಂಸ್ಕೃತ ಶಾಸನ ಅದು. ಚಾಲುಕ್ಯ ವಲ್ಲಭೇಶ್ವರ, ಎಂದರೆ ಒಂದನೆಯ ಪುಲಕೇಶಿ, ವಾತಾಪಿಯ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ಕೋಟೆಯನ್ನಾಗಿ ಮಾಡಿದ ಎಂಬುದು ಅದರ ಸಾರ. 1941ರವರೆಗೆ ಈ ಬರಹ ವಿದ್ವಾಂಸರ ಕಣ್ಣಿಗೆ ಬಿದ್ದಿರಲಿಲ್ಲ. ಗುಹೆಗಳಲ್ಲಿ ಕಾಲ ಖಚಿತವಾಗಿ ತಿಳಿದಿರುವುದು ಮೂರನೆಯದರದು ಮಾತ್ರ. ಚಾಲುಕ್ಯರ ಮಂಗಳೇಶ ಅದನ್ನು ಮಾಡಿಸಿದ್ದು 578ರಲ್ಲಿ. ಕೋಟೆಗೂ ಅದಕ್ಕೂ 35 ವರ್ಷಗಳ ಅಂತರ. ಕಾವಲು ಗಟ್ಟಿಯಾದ ಮೇಲೆ ಕಲೆಗೆ ಕೈ ಹಾಕಿದರು.

ಉತ್ತರದ ಕೋಟೆಗೆ ದಾರಿ ವಸ್ತುಸಂಗ್ರಹಾಲಯದ ಪಕ್ಕದಿಂದ ಹೊರಡುತ್ತದೆ. ಕಲ್ಲಿನ ಬಾಗಿಲು ದಾಟಿದ ಕೂಡಲೇ ಬಂಡೆಗಳು ಎರಡೂ ಕಡೆ ಒತ್ತಿಕೊಂಡು ಬರುತ್ತವೆ. ಹೊರಗೆ ಬಿಸಿಲು ಎಷ್ಟೇ ಇರಲಿ, ಈ ಕಮರಿಯೊಳಗೆ ತಣ್ಣಗಿನ ನೆರಳು. ತಲೆ ಎತ್ತಿದರೆ ಕೆಂಪು ಮರಳುಗಲ್ಲಿನ ಪದರಗಳು, ಅವುಗಳ ತುದಿಯಲ್ಲಿ ಪಟ್ಟಿಯಷ್ಟು ಆಕಾಶ. ಮೆಟ್ಟಿಲುಗಳು ಒಂದರಂತೆ ಒಂದಿಲ್ಲ, ಕೆಲವು ಮೊಣಕಾಲೆತ್ತರ. ದಾರಿ ತಿರುಗುವ ಕಡೆಯಲ್ಲೆಲ್ಲ ಬಂಡೆಯ ಸಂದನ್ನು ಗೋಡೆ ಕಟ್ಟಿ ಮುಚ್ಚಿ, ಇಬ್ಬರು ಮೂವರು ಜೊತೆಯಾಗಿ ಹೋಗುವಷ್ಟೇ ಜಾಗ ಬಿಟ್ಟಿದ್ದಾರೆ. ಸಾವಿರ ಜನರ ದಂಡು ಬಂದರೂ ಇಲ್ಲಿ ಸಾಲಾಗಿಯೇ ಹತ್ತಬೇಕು, ಮೇಲಿದ್ದವನ ಕೈಯಲ್ಲಿ ಒಂದು ಕಲ್ಲಿದ್ದರೆ ಸಾಕು. ಆ ಶಾಸನದ ಮಾತು ಬರೀ ಬಿಂಕವಲ್ಲ ಎಂಬುದು ಏದುಸಿರು ಬಿಡುತ್ತ ಈ ಸಂದಿಯಲ್ಲಿ ನಿಂತಾಗ ಅರ್ಥವಾಗುತ್ತದೆ.

ಕಮರಿ ದಾಟಿದರೆ ಬಯಲು. ಅರ್ಧಕ್ಕೆ ಉಳಿದ ಕೆಳಗಿನ ಶಿವಾಲಯ, ದುಂಡನೆಯ ಕಾವಲುಗೋಪುರ, ದವಸ ತುಂಬಿಡುತ್ತಿದ್ದ ಎತ್ತರದ ಕಣಜಗಳು. ಮುತ್ತಿಗೆ ತಿಂಗಳುಗಟ್ಟಲೆ ನಡೆದರೂ ಹೊಟ್ಟೆಗೆ ಕೊರತೆಯಾಗಬಾರದು ಎಂಬ ಎಚ್ಚರ ಈ ಕಣಜಗಳಲ್ಲಿ ಕಾಣುತ್ತದೆ. ತುಟ್ಟತುದಿಯಲ್ಲಿ ಮೇಲಿನ ಶಿವಾಲಯ. ಹೆಸರು ಶಿವನದಾದರೂ ಗೋಡೆಯ ಮೇಲೆ ಗೋವರ್ಧನ ಎತ್ತಿದ ಕೃಷ್ಣನಿದ್ದಾನೆ. ಅಲ್ಲಿಂದ ನೋಡಿದರೆ ಊರಿನ ಮಾಳಿಗೆ ಮನೆಗಳು, ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಪೂರ್ವದ ದಂಡೆಯಲ್ಲಿ ಭೂತನಾಥನ ಗುಡಿ, ಎದುರು ಗುಡ್ಡದ ಮೇಲೆ ರಣಮಂಡಲ ಕೋಟೆ. ಎರಡು ಗುಡ್ಡ, ನಡುವೆ ನೀರು: ರಾಜಧಾನಿಗೆ ಈ ಜಾಗವನ್ನೇ ಆರಿಸಿದ ಕಾರಣ ಒಂದೇ ನೋಟಕ್ಕೆ ತಿಳಿಯುತ್ತದೆ.

ಗೆಲ್ಲಲಾಗದ ಈ ಕೋಟೆ ಕಟ್ಟಿ ನೂರು ವರ್ಷ ತುಂಬುವ ಮೊದಲೇ ಬಿದ್ದಿತು. ಹರ್ಷನನ್ನು ನರ್ಮದೆಯಲ್ಲಿ ತಡೆದ ಇಮ್ಮಡಿ ಪುಲಕೇಶಿಯ ಕೊನೆಗಾಲದಲ್ಲಿ, 642ರ ಸುಮಾರಿಗೆ, ಪಲ್ಲವರ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಗೆದ್ದವನ ಶಾಸನವೂ ಊರೊಳಗಿನ ಬಂಡೆಯೊಂದರ ಮೇಲೆ ಉಳಿದಿದೆ. ಒಂದನೆಯ ವಿಕ್ರಮಾದಿತ್ಯ ತಂದೆಯ ರಾಜಧಾನಿಯನ್ನು ಮರಳಿ ಪಡೆಯಲು ಸುಮಾರು 655ರವರೆಗೆ ಕಾಯಬೇಕಾಯಿತು. ಆಮೇಲೆ ಬಂದವರ ಪಟ್ಟಿ ದೊಡ್ಡದು: ರಾಷ್ಟ್ರಕೂಟರು, ವಿಜಯನಗರದವರು, ಆದಿಲ್‌ಶಾಹಿಗಳು, ಮರಾಠರು, ಹೈದರ್, ಟಿಪ್ಪು. ನಾವು ಇಂದು ನೋಡುವ ಗೋಡೆ ಬುರುಜುಗಳ ಬಹುಪಾಲು ಈ ನಂತರದವರ ಕೈಯವು, ಅಡಿಪಾಯದ ಲೆಕ್ಕಾಚಾರ ಮಾತ್ರ ಚಾಲುಕ್ಯರದು. 1786ರಲ್ಲಿ ಮರಾಠರು ಮತ್ತು ನಿಜಾಮರು ಸೇರಿ ಟಿಪ್ಪುವಿನಿಂದ ಇದನ್ನು ಕಸಿದುಕೊಂಡರು, 1818ರಲ್ಲಿ ಥಾಮಸ್ ಮನ್ರೋನ ಪಡೆ ಹಿಡಿಯಿತು. 1841ರಲ್ಲಿ ಕಣ್ಣು ಕಾಣದ ನರಸಿಂಹ ದತ್ತಾತ್ರೇಯ ಪೇಟಕರ ಅರಬ್ ಸಿಪಾಯಿಗಳನ್ನು ಕಟ್ಟಿಕೊಂಡು ಬಂದು ಇದೇ ಬಾದಾಮಿಯಲ್ಲಿ ಬ್ರಿಟಿಷರ ವಿರುದ್ಧ ಬಾವುಟ ಏರಿಸಿದ. ಬಂಡಾಯ ಬೇಗ ಮುರಿದುಬಿತ್ತು. 1857ಕ್ಕಿಂತ ಹದಿನಾರು ವರ್ಷ ಮೊದಲಿನ ಈ ಕಥೆಯನ್ನು ಗುಡ್ಡ ಹತ್ತುವ ಶಾಲೆ ಮಕ್ಕಳಿಗೆ ಯಾರಾದರೂ ಹೇಳಬೇಕು.

ಟಿಪ್ಪುವಿನ ಕಾಲದ್ದೆಂದು ಹೇಳುವ ತೋಪು ಇರುವುದು ರಣಮಂಡಲ ಕೋಟೆಯಲ್ಲಿ. ಗುಹೆಗಳ ನಡುವಿನಿಂದ ಅಲ್ಲಿಗೆ ಹೋಗುವ ಕಡಿದಾದ ಮೆಟ್ಟಿಲ ದಾರಿಯನ್ನು ಬಹಳ ವರ್ಷಗಳಿಂದ ಮುಚ್ಚಿದ್ದಾರೆ. ಬಿದ್ದರೆ ಜೀವಕ್ಕೆ ಅಪಾಯ, ನಿಜ. ಆದರೆ ಕೈಹಿಡಿ ಕಂಬಿ ಹಾಕಿ, ಹೊತ್ತು ಗೊತ್ತು ಮಾಡಿ, ಸ್ಥಳೀಯ ಗೈಡುಗಳ ಜೊತೆ ಬಿಡಲು ಸಾಧ್ಯವಿಲ್ಲವೇ? ಅರ್ಧ ಕೋಟೆಯನ್ನು ಕೆಳಗಿನಿಂದಲೇ ನೋಡಿ ಹೋಗಬೇಕಾದದ್ದು ನೋವಿನ ಸಂಗತಿ.

ಇನ್ನು ಕೆಳಗಿನ ಹೊಳೆ, ಮಲಪ್ರಭೆ. ಅದು ಬಾದಾಮಿ ಊರೊಳಗೆ ಹರಿಯುವುದಿಲ್ಲ. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟು ದಾಟಿ ಬಂದ ಹೊಳೆ ಸಿಗಬೇಕಾದರೆ ಬನಶಂಕರಿಯ ಕಡೆ, ಚೊಳಚಗುಡ್ಡಕ್ಕೆ ಹೋಗಬೇಕು. ಅಮ್ಮನ ಗುಡಿಯ ಹೊಂಡದ ಬಳಿ ಬುಟ್ಟಿ ಇಳಿಸಿಕೊಂಡು ಕೂತ ಹೆಂಗಸರು ‘ಬರ್ರಿ, ರೊಟ್ಟಿ ಅದಾವ್ರಿ’ ಎಂದು ಕರೆಯುತ್ತಾರೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಗಡಿಗೆಯ ಗಟ್ಟಿ ಮೊಸರು. ಕೋಟೆ ಇಳಿದು ಬಂದ ಹಸಿವಿಗೆ ಇದಕ್ಕಿಂತ ಒಳ್ಳೆಯ ಊಟ ಈ ಸೀಮೆಯಲ್ಲಿ ಬೇರೆ ಇಲ್ಲ.

ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲು ಎಲ್ಲರಿಗೂ ಗೊತ್ತಿರುವ ಜಾಗ, 1987ರಿಂದ ವಿಶ್ವ ಪರಂಪರೆಯ ತಾಣ. ಹೊಳೆ ಇಲ್ಲಿ ಉತ್ತರಕ್ಕೆ ತಿರುಗುತ್ತದೆ. ಬೆಟ್ಟದ ಕಾವಲಿಲ್ಲದ ಬಯಲಿನಲ್ಲಿ, ನೀರಿನ ದಂಡೆಯಲ್ಲೇ, ಇಷ್ಟು ದೊಡ್ಡ ಗುಡಿಗಳನ್ನು ಕಟ್ಟುವ ಧೈರ್ಯ ಎಲ್ಲಿಂದ ಬಂತು? ಬಾದಾಮಿಯ ಕೋಟೆ ಹತ್ತಿ ಬಂದವರಿಗೆ ಈ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಪಲ್ಲವರು ವಾತಾಪಿಯನ್ನು ಹಿಡಿದು ಸುಮಾರು ನೂರು ವರ್ಷಕ್ಕೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಅವರ ಕಂಚಿಯನ್ನು ಗೆದ್ದ. ಊರನ್ನು ಸುಡಲಿಲ್ಲ, ಕೈಲಾಸನಾಥ ಗುಡಿಯ ಸಂಪತ್ತನ್ನು ದೇವರಿಗೇ ಬಿಟ್ಟು, ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಬರೆಸಿ ಬಂದ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ, ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ಪಕ್ಕದ ಮಲ್ಲಿಕಾರ್ಜುನ. ಶತ್ರುವಿನ ಭಯ ಹೋದ ಮೇಲೆ ಹುಟ್ಟಿದ ಕಟ್ಟಡಗಳಿವು. ಈಗ ಇವುಗಳಿಗಿರುವ ಭಯ ಹೊಳೆಯದೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಗುಡಿಗಳ ಅಂಗಳಕ್ಕೆಲ್ಲ ನುಗ್ಗಿತ್ತು.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮತ್ತೆ ಕೋಟೆ ಸಿಗುತ್ತದೆ. ಎಲ್ಲರೂ ಫೋಟೋ ತೆಗೆಯುವ ದುರ್ಗದ ಗುಡಿಗೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಪಕ್ಕದಲ್ಲಿದ್ದ ದುರ್ಗದಿಂದ. ಊರಿನ ಸುತ್ತ ಬುರುಜುಗಳ ಗೋಡೆ ಇನ್ನೂ ಅಲ್ಲಲ್ಲಿ ಇದೆ. ಮೇಗುಟಿ ಗುಡ್ಡದ ನೆತ್ತಿಗೂ ಬೇರೆ ಕೋಟೆ. ಅದರೊಳಗಿನ ಜೈನ ಗುಡಿಯ ಗೋಡೆಯ ಮೇಲೆ 634ರ ಶಾಸನ. ಅದನ್ನು ರಚಿಸಿದ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮ ಎನ್ನುತ್ತಾನೆ. ಹತ್ತುವ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿ, ಮೇಲಿನ ಬಯಲಿನಲ್ಲಿ ಚಾಲುಕ್ಯರಿಗಿಂತ ಬಹಳ ಹಳೆಯ ಬೃಹತ್ ಶಿಲಾಗೋರಿಗಳು. ಇಷ್ಟು ಕಾಲಗಳು ಒಂದೇ ಗುಡ್ಡದ ಮೇಲೆ ಕೂಡಿರುವುದು ಅಪರೂಪ. ಕೆಳಗೆ ಊರಿನಲ್ಲಿ ಮನೆಗಳು ಗುಡಿಗಳಿಗೆ, ಕೋಟೆಗೋಡೆಗೆ ಅಂಟಿಕೊಂಡೇ ಇವೆ. ಊರನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ತಲೆಮಾರುಗಳಿಂದ ಆ ಗೋಡೆಯ ನೆರಳಲ್ಲಿ ಬದುಕಿದವರು ಮನೆ ದುರಸ್ತಿಗೂ ಅಪ್ಪಣೆ ಕೇಳುತ್ತ ಅತಂತ್ರರಾಗಿ ಉಳಿಯಬಾರದು. ಅವರನ್ನು ಕೇಳಿ, ಅವರಿಗೆ ಒಪ್ಪುವಂತೆ ಬೇಗ ತೀರ್ಮಾನಿಸಬೇಕು.

ಇಂಥ ಕಣಿವೆಯನ್ನು ಒಟ್ಟಾಗಿ ನೋಡುವುದಕ್ಕೆ ಒಂದು ಮಾದರಿ ಫ್ರಾನ್ಸಿನಲ್ಲಿದೆ. ಅಲ್ಲಿನ ಲುವಾರ್ ಎಂಬ ನದಿಯ ಕಣಿವೆ ಕೋಟೆ ಅರಮನೆಗಳಿಗೆ ಹೆಸರಾದದ್ದು. 1519ರಲ್ಲಿ ಕಟ್ಟಲು ಆರಂಭಿಸಿದ ಶಾಂಬೋರ್ ಅರಮನೆ ಅಲ್ಲೇ ಇದೆ. ಆ ಕಣಿವೆಯ ಸುಮಾರು 280 ಕಿ.ಮೀ. ಉದ್ದದ ಭಾಗ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗಮನಿಸಬೇಕಾದದ್ದು ಏನೆಂದರೆ, ಅಲ್ಲಿ ಗೌರವ ಸಿಕ್ಕಿದ್ದು ಒಂದೆರಡು ಕಟ್ಟಡಕ್ಕಲ್ಲ, ನದಿ, ಊರು, ತೋಟ, ಕೋಟೆ ಎಲ್ಲ ಕೂಡಿದ ಕಣಿವೆಗೆ. ದಂಡೆಯುದ್ದಕ್ಕೂ ಸೈಕಲ್ ದಾರಿ ಇದೆ, ಜನ ನಿಧಾನವಾಗಿ ಊರಿಂದೂರಿಗೆ ಹೋಗುತ್ತಾರೆ. ಬಾದಾಮಿಯಿಂದ ಐಹೊಳೆಗೆ ಹೆಚ್ಚೆಂದರೆ 35 ಕಿ.ಮೀ. ಜೋಳ, ಕಡಲೆ, ಸೂರ್ಯಕಾಂತಿ ಹೊಲಗಳ ನಡುವೆ, ಹೊಳೆಯ ಗುಂಟ ಒಂದು ಕಾಲುದಾರಿ ಮಾಡಿದರೆ ಸಾಕು. ದೊಡ್ಡ ಖರ್ಚಿನ ಕೆಲಸವಲ್ಲ. ಒಂದೇ ದಿನದಲ್ಲಿ ಮೂರೂ ಊರು ಓಡಿಸಿ ತೋರಿಸುವ ಬಸ್ಸುಗಳಿಗೆ ಬದಲಾಗಿ ಎರಡು ರಾತ್ರಿ ತಂಗುವ ಪ್ರವಾಸಿಗರು ಬಂದರೆ ರೊಟ್ಟಿ ಬುಟ್ಟಿಯವರಿಗೂ ಗೈಡುಗಳಿಗೂ ಹೆಚ್ಚು ದುಡಿಮೆ.

ಐಹೊಳೆಯಿಂದ ಮುಂದೆ ಅಮೀನಗಡ. ಕರದಂಟು ಕಟ್ಟಿಸಿಕೊಳ್ಳದೆ ಯಾರೂ ಆ ಊರು ದಾಟುವುದಿಲ್ಲ. ನಂತರ ಹುನಗುಂದ, ಅದರಾಚೆ ಇಳಕಲ್ಲು. ಇಳಕಲ್ಲಿನಲ್ಲಿ ಕೋಟೆಗಾಗಿ ಹುಡುಕಬೇಡಿ, ಮಗ್ಗದ ಸದ್ದು ಕೇಳುವ ಮನೆಯೊಂದಕ್ಕೆ ಹೋಗಿ. ಸೀರೆಯ ಒಡಲಿನ ಹಾಸು ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ಕೆಲಸವನ್ನು ಹತ್ತಿರ ಕೂತು ನೋಡಿ. ಬೆರಳುಗಳ ವೇಗಕ್ಕೆ ಕಣ್ಣು ಸೋಲುತ್ತದೆ.

ಮಲಪ್ರಭೆ ಕೃಷ್ಣೆಯನ್ನು ಕೂಡುವುದು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಬರುವುದರಿಂದ ಬಸವಣ್ಣನವರ ಐಕ್ಯ ಮಂಟಪವನ್ನು ಎತ್ತರದ ದುಂಡು ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ. ಸೇತುವೆಯ ಮೇಲೆ ನಡೆದು ಹೋಗಿ, ಮೆಟ್ಟಿಲಿಳಿದು, ಸುತ್ತಲಿನ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ಮಂಟಪ ನೋಡಬೇಕು. ಮಲಪ್ರಭೆಯ ಕಣಿವೆಯಲ್ಲಿ ಜನ ಕಟ್ಟಿದ ಬುರುಜುಗಳಲ್ಲಿ ಇದು ಎಲ್ಲಕ್ಕಿಂತ ಹೊಸದು. ರಾಜ್ಯವನ್ನಲ್ಲ, ಒಬ್ಬ ಶರಣನ ನೆನಪನ್ನು ಕಾಯಲು ಕಟ್ಟಿದ ಈ ಗೋಡೆಯನ್ನೂ ಕೋಟೆಗಳ ಪ್ರವಾಸದಲ್ಲಿ ಸೇರಿಸಿಕೊಳ್ಳಿ.