ಎಲೆಗಳ ಸಂದಿಯಲ್ಲಿ ಸಾವಿರ ಸೂರ್ಯ

ನಾಗಬನದ ಅಂಚಿನಲ್ಲಿ ತರಗೆಲೆಯ ಮೇಲೆ ಬಿದ್ದಿರುವ ಬಿಸಿಲಿನ ಬೊಟ್ಟುಗಳನ್ನು ಎಂದಾದರೂ ಬಗ್ಗಿ ನೋಡಿದ್ದೀರಾ? ಅವು ದುಂಡಗಿರುತ್ತವೆ! ಮೇಲೆ ಎಲೆ ಎಲೆಗಳ ನಡುವಿನ ಸಂದು ಮೂರು ಮೂಲೆಯದ್ದಿರಲಿ, ಹುಳ ತಿಂದ ಹರಕಲಿರಲಿ, ಪುಟ್ಟ ಸೀಳಿರಲಿ, ಕೆಳಗೆ ಬೀಳುವ ಬೆಳಕು ಮಾತ್ರ ದುಂಡಗೆ. ಇಷ್ಟು ಸಾವಿರ ಸಂದುಗಳಿಂದ ಇಷ್ಟು ಸಾವಿರ ದುಂಡನೆಯ ಬೊಟ್ಟುಗಳು ಬಂದದ್ದಾದರೂ ಹೇಗೆ? ಉತ್ತರ ಗೊತ್ತಾದ ದಿನ ನನಗೆ ಮೈ ಜುಮ್ಮೆಂದಿತ್ತು. ನೆಲದ ಮೇಲಿರುವ ಒಂದೊಂದು ಬೊಟ್ಟೂ ಸೂರ್ಯನ ಪಡಿಯಚ್ಚು. ಎಲೆಗಳ ನಡುವಿನ ಪುಟ್ಟ ಸಂದು ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡಿ, ಆಕಾಶದ ಸೂರ್ಯನನ್ನು ಇಡಿಯಾಗಿ ನೆಲಕ್ಕಿಳಿಸುತ್ತದೆ. ಲೆನ್ಸ್ ಇಲ್ಲ, ಫಿಲ್ಮ್ ಇಲ್ಲ, ಒತ್ತುವ ಗುಂಡಿ ಇಲ್ಲ. ಮನುಷ್ಯ ಕ್ಯಾಮೆರಾ ಕಂಡುಹಿಡಿಯುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಮರಗಳು ಫೋಟೊ ತೆಗೆಯುತ್ತಿದ್ದವು!

ನಂಬಿಕೆ ಬರಲಿಲ್ಲವೇ? 2019ರ ಡಿಸೆಂಬರ್ 26ನ್ನು ನೆನಪಿಸಿಕೊಳ್ಳಿ. ಅಂದಿನ ಕಂಕಣ ಸೂರ್ಯಗ್ರಹಣದ ದಾರಿ ನಮ್ಮ ಕಾಸರಗೋಡು ಜಿಲ್ಲೆಯ ಮೇಲೆಯೇ ಹಾದುಹೋಗಿತ್ತು. ಚೆರುವತ್ತೂರಿಗೆ ದೂರದೂರದಿಂದ ಜನ ಬಂದಿದ್ದರು. ಉಪ್ಪಳ, ಮಂಜೇಶ್ವರ, ಮಂಗಳೂರು ಎಲ್ಲವೂ ಆ ಪಟ್ಟಿಯೊಳಗೇ ಇದ್ದವು. ಎಲ್ಲರೂ ಕಪ್ಪು ಕನ್ನಡಕ ಹಾಕಿ ಮೇಲೆ ನೋಡುತ್ತಿದ್ದ ಹೊತ್ತಿನಲ್ಲಿ ನಾನು ಒಂದು ಹಳೆಯ ಮಾವಿನ ಮರದ ಕೆಳಗೆ, ಮುರಕಲ್ಲಿನ ಪಾಗಾರದ ಪಕ್ಕ ನಿಂತಿದ್ದೆ. ಎಂಟು ಗಂಟೆ ದಾಟಿದ ಮೇಲೆ ಬೊಟ್ಟುಗಳ ಒಂದು ಬದಿ ಸವೆಯತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಪಾಗಾರದ ತುಂಬ ಬಿದಿಗೆ ಚಂದ್ರರು. ಒಂಬತ್ತೂವರೆಗೆ ಇನ್ನೂ ಕೆಲವು ನಿಮಿಷ ಇರುವಾಗ ಆ ಕುಡುಗೋಲುಗಳ ತುದಿಗಳು ಒಂದನ್ನೊಂದು ಮುಟ್ಟಿದವು. ಬಳೆಗಳು! ಕೆಂಪು ಕಲ್ಲಿನ ಮೇಲೆ, ನೆಲದ ಮೇಲೆ, ನನ್ನ ಅಂಗಿಯ ತೋಳಿನ ಮೇಲೆ, ಒಂದರ ಮೇಲೊಂದು ಹೆಣೆದುಕೊಂಡ ನೂರಾರು ಬೆಳಕಿನ ಬಳೆಗಳು. ಆಕಾಶದಲ್ಲಿ ಒಂದೇ ಬಳೆ, ಮರದ ಬುಡದಲ್ಲಿ ಲೆಕ್ಕವಿಲ್ಲದಷ್ಟು.

ಲೆಕ್ಕವೂ ಇಷ್ಟೇ ಸೊಗಸು. ಸೂರ್ಯನ ದೂರ ಅದರ ಅಡ್ಡಳತೆಯ ಸುಮಾರು 108 ಪಟ್ಟು. ಹಾಗಾಗಿ ನೆಲದ ಬೊಟ್ಟಿನ ಅಡ್ಡಳತೆಯನ್ನು 108ರಿಂದ ಗುಣಿಸಿದರೆ ಅದನ್ನು ಹುಟ್ಟಿಸಿದ ಸಂದು ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಒಂದು ಗೇಣು ಅಗಲದ ಬೊಟ್ಟು ಕಂಡಿತೇ? ಆ ಬೆಳಕು ಸುಮಾರು 25 ಮೀಟರ್ ಇಳಿದು ಬಂದಿದೆ. ಮರ ಹತ್ತದೆ, ಹಗ್ಗ ಹಿಡಿಯದೆ, ಕೈಯಗಲಿಸಿ ಒಂದು ಗೇಣು ಹಾಕಿ ನೆತ್ತಿಯ ಕೊಂಬೆಯ ಎತ್ತರ ಅಳೆಯಬಹುದು! ಬಿಸಿಲು ಓರೆಯಾಗಿದ್ದರೆ ಬೊಟ್ಟು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಆಗ ಕಿರಿದಾದ ಅಗಲವನ್ನೇ ಅಳೆಯಬೇಕು.

ಈ ಒಗಟು ದೊಡ್ಡ ದೊಡ್ಡವರನ್ನು ಕಾಡಿದೆ. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ಪ್ರಶ್ನೆಗಳ ಗ್ರಂಥದಲ್ಲಿ ಇದೇ ಪ್ರಶ್ನೆ ಇದೆ: ಚೌಕನೆಯ ಕಂಡಿಯಿಂದ ಬಂದ ಬಿಸಿಲು ಯಾಕೆ ದುಂಡಗೆ, ಗ್ರಹಣದ ಹೊತ್ತು ಮರದಡಿಯ ಬೆಳಕು ಯಾಕೆ ಕುಡುಗೋಲಿನಂತೆ? ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈಥಮ್ ಗ್ರಹಣದ ಈ ಬೆಳಕಿನ ಬಗ್ಗೆಯೇ ಪ್ರಬಂಧ ಬರೆದ. 1604ರಲ್ಲಿ ಕೆಪ್ಲರ್ ರೇಖಾಗಣಿತದಿಂದ ಗಂಟು ಬಿಡಿಸಿದ. ಆಮೇಲೆ ಚಿತ್ರಕಾರರ ಸರದಿ. 1876ರಲ್ಲಿ ಪ್ಯಾರಿಸ್ಸಿನ ರೆನ್ವಾರ್ ಮರಗಳಡಿಯ ಕುಣಿತದ ಕೂಟವೊಂದನ್ನು ಬರೆದು, ಗಂಡಸರ ಕಪ್ಪು ಕೋಟಿನ ಬೆನ್ನಿನ ಮೇಲೆ ಈ ಬೊಟ್ಟುಗಳನ್ನು ಧಾರಾಳವಾಗಿ ಚೆಲ್ಲಿದ. ಎಲೆಯ ನೆರಳು ಬಿದ್ದ ಹೆಣ್ಣಿನ ಮೈಯನ್ನು ಅವನು ಹಸಿರು ನೇರಳೆ ಛಾಯೆಯಲ್ಲಿ ಬರೆದಾಗ, ಆಲ್ಬರ್ಟ್ ವುಲ್ಫ್ ಎಂಬ ವಿಮರ್ಶಕನಿಗೆ ಅದು ಕೊಳೆಯುತ್ತಿರುವ ಮಾಂಸದಂತೆ ಕಂಡಿತಂತೆ. ಮರದ ಕೆಳಗೆ ನಿಂತು ತನ್ನ ಕೈಯನ್ನು ತಾನೇ ಒಮ್ಮೆ ನೋಡಿಕೊಂಡಿದ್ದರೆ ವುಲ್ಫ್ ಹಾಗೆ ಬರೆಯುತ್ತಿರಲಿಲ್ಲ.

ಯುರೋಪಿನವರಿಗೆ ಈ ಬೆಳಕಿನ ಹುಚ್ಚು ಹಿಡಿಸಿದ ಕಾಡುಗಳಲ್ಲಿ ಬೀಚ್ ಮರದ ಕಾಡಿಗೆ ದೊಡ್ಡ ಸ್ಥಾನ. ನುಣುಪಾದ ಬೂದು ಕಾಂಡ, ಕಂಬದಂತೆ ನೆಟ್ಟಗೆ. ಗುಸ್ತಾವ್ ಕ್ಲಿಮ್ಟ್ 1902ರಲ್ಲಿ ಬರೆದ ಬೀಚ್ ಕಾಡಿನ ಚಿತ್ರ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಅದರ ಛಾಪು ನೋಡಿದರೂ ಸಾಕು, ಕಣ್ಣು ಕೀಳಲಾಗುವುದಿಲ್ಲ. ಚೌಕನೆಯ ಕ್ಯಾನ್ವಾಸ್, ಒಂದು ಮರಕ್ಕೂ ತುದಿಯಿಲ್ಲ! ಬರೀ ಕಾಂಡಗಳು, ಅವುಗಳ ಮೇಲೆ ಪಾಚಿಯ, ಬಿಳಿಯ, ನೀಲಿಯ ಮಚ್ಚೆಗಳು, ಕೆಳಗೆ ಕಿತ್ತಳೆ ಬಣ್ಣದ ತರಗೆಲೆಯ ಹಾಸು. ಕ್ಲಿಮ್ಟ್ ರಟ್ಟಿನಲ್ಲಿ ಚೌಕ ಕಿಂಡಿ ಕತ್ತರಿಸಿ, ಅದರೊಳಗಿಂದ ಕಾಡನ್ನು ನೋಡಿ ಚಿತ್ರದ ಚೌಕಟ್ಟು ಗೊತ್ತುಮಾಡಿಕೊಳ್ಳುತ್ತಿದ್ದ. ಕ್ಯಾಮೆರಾ ಹಿಡಿದವರು ಇಂದು ಮಾಡುವುದೂ ಇದನ್ನೇ ಅಲ್ಲವೇ?

ಇನ್ನೊಂದು ಸಂಗತಿ ಕೇಳಿದರೆ ನೀವೂ ಬೆರಗಾಗುತ್ತೀರಿ. ಪ್ಯಾರಿಸ್ಸಿನ ಹತ್ತಿರ ಫಾಂಟೆನ್‌ಬ್ಲೋ ಎಂಬ ಓಕ್ ಮತ್ತು ಬೀಚ್ ಮರಗಳ ಕಾಡಿದೆ. 1849ರ ಹೊತ್ತಿಗೇ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಅಲ್ಲಿಗೆ ಕ್ಯಾಮೆರಾ ಹೊತ್ತೊಯ್ದಿದ್ದ. ಆ ಕಾಲದ ಫೋಟೊ ರಾಸಾಯನಿಕಕ್ಕೆ ಹಸಿರು ಬಣ್ಣವೇ ಕಾಣದು. ಎಲೆಯೆಲ್ಲ ಕಪ್ಪಾಗಿ ಬರುತ್ತಿತ್ತು, ಗಾಳಿ ಬೀಸಿದರೆ ಕಲಸಿಹೋಗುತ್ತಿತ್ತು. ಆದರೂ ಬಿಡಲಿಲ್ಲ. ಅದೇ ಕಾಡಿನಲ್ಲಿ ಮರ ಕಡಿಯುವುದನ್ನು ಕಂಡು ಹೊಟ್ಟೆ ಉರಿದ ಚಿತ್ರಕಾರ ಥಿಯೊಡೋರ್ ರೂಸೋ 1852ರಲ್ಲಿ ಮೂರನೆಯ ನೆಪೋಲಿಯನ್‌ಗೆ ಮನವಿ ಕೊಟ್ಟ. ಮರುವರ್ಷ 624 ಹೆಕ್ಟೇರ್ ಕಾಡನ್ನು ಕೊಡಲಿಯಿಂದ ಹೊರಗಿಟ್ಟರು. 1861ರ ರಾಜಾಜ್ಞೆ ಅದನ್ನು 1,097 ಹೆಕ್ಟೇರಿಗೆ ಏರಿಸಿತು. ಚಿತ್ರ ಬರೆಯಲು ಚೆಂದವಿದೆ ಎಂಬ ಒಂದೇ ಕಾರಣಕ್ಕೆ ಉಳಿಸಿದ ಕಾಡು!

ನಮ್ಮಲ್ಲಿ ಆ ಕೆಲಸವನ್ನು ನಾಗ ಮಾಡಿದ. ದೈವ ಮಾಡಿತು. ಉಪ್ಪಳದ ಕೈಕಂಬದಿಂದ ಬಾಯಾರಿನ ಕಡೆಗೆ ಒಳದಾರಿ ಹಿಡಿದರೆ ತೋಟ, ಗುಡ್ಡೆ, ಮುರಕಲ್ಲಿನ ಪಾರೆಗಳ ನಡುವೆ ಅಲ್ಲಲ್ಲಿ ಥಟ್ಟನೆ ಕಪ್ಪುಹಸಿರಿನ ಗುಪ್ಪೆಯೊಂದು ಎದ್ದು ನಿಲ್ಲುತ್ತದೆ. ಅದು ಬನ. ಒಳಗೆ ಕತ್ತಿ ಮುಟ್ಟಿಸುವಂತಿಲ್ಲ, ಬಿದ್ದ ಕೊಂಬೆಯನ್ನೂ ಮನೆಗೆ ಒಯ್ಯುವಂತಿಲ್ಲ. ನಾಗರ ಪಂಚಮಿಗೆ ತನು ಎರೆಯಲು ಹೋಗಿ ಬಂದರೆ ಮುಗಿಯಿತು. ತಲೆತಲಾಂತರದಿಂದ ಯಾರೂ ಗುಡಿಸದ ನೆಲ ಅದು. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಕೆತ್ತೆ ಕೊಡುವ ಪಾಲೆ, ಕಾಸರಕ, ಬೈನೆ, ಮಾವು, ಅಪ್ಪಿಕೊಂಡ ಬಳ್ಳಿಗಳು. ದಕ್ಷಿಣಕ್ಕೆ ಹೋದರೆ ಬನಕ್ಕೆ ಕಾವು ಎಂದು ಹೆಸರು: ಇದೇ ಜಿಲ್ಲೆಯ ಕಮ್ಮಾಡಂ ಕಾವು, ಎಡಯಿಲೆಕ್ಕಾಡಿನ ಕಾವು. ಎರಡನೆಯದರಲ್ಲಿ ಮಂಗಗಳಿಗೆ ಓಣಂ ಊಟ ಬಡಿಸುವುದು ಊರೂರಿಗೂ ಗೊತ್ತು.

ಬೀಚ್ ಮರದ ಚೆಲುವಿಗೆ ನಮ್ಮಲ್ಲಿ ಸಾಟಿ ಯಾವುದು ಎಂದು ಕೇಳಿದರೆ ನಾನು ತಡವರಿಸದೆ ಧೂಪದ ಮರ ಎನ್ನುತ್ತೇನೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಮರ. ನುಣುಪಾದ ಬೂದು ಕಾಂಡ, ಅದರ ಮೇಲೆ ಸುಣ್ಣ ಚಿಮುಕಿಸಿದಂಥ ಬಿಳಿ ಮಚ್ಚೆ. ಕರಾವಳಿಯ ಹಳೆಯ ದಾರಿಗಳ ಎರಡೂ ಬದಿಗೆ ಇದನ್ನು ಸಾಲುಮರವಾಗಿ ನೆಟ್ಟ ಹಿರಿಯರ ಕಣ್ಣಿಗೆ ಕೈ ಮುಗಿಯಬೇಕು. ಬೇಸಗೆಗೆ ಮುನ್ನ ಅದರ ಚಿಗುರು ನೋಡಿ, ಹಸಿರಲ್ಲ, ಕೆಂಪು! ಎಳೆ ಎಲೆಗೆ ಹಸಿರು ತುಂಬುವುದನ್ನು ಮರ ಬೇಕೆಂದೇ ತಡಮಾಡುತ್ತದೆ. ಹುಳ ತಿಂದರೂ ನಷ್ಟ ಕಡಿಮೆಯಾಗಲಿ ಎಂದು. ಆ ಕೆಂಪು ಚಿಗುರನ್ನು ಹಾದುಬಂದ ಬೆಳಿಗ್ಗೆಯ ಬಿಸಿಲು ಬೂದು ಕಾಂಡದ ಮೇಲೆ ಬಿದ್ದಾಗ ಯಾವ ಬಣ್ಣ ಎಂದು ಹೇಳುವುದು? ಕ್ಲಿಮ್ಟ್ ಇದ್ದಿದ್ದರೆ ಬರೆದು ತೋರಿಸುತ್ತಿದ್ದನೇನೋ.

ಅವನಿಗೆ ಸಿಗದ ಇನ್ನೊಂದು ಬೆಳಕೂ ನಮಗಿದೆ. ಅವನ ನಾಡಿನಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಉಪ್ಪಳದಲ್ಲಿ ವರ್ಷಕ್ಕೆ ಎರಡು ಸಲ ಬರುತ್ತಾನೆ. ಆಗಸ್ಟಿನದ್ದನ್ನು ಮಳೆಮೋಡ ನುಂಗಿದರೂ ಏಪ್ರಿಲ್ 24ರ ಆಸುಪಾಸಿನದ್ದು ನಮ್ಮದೇ. ಆ ನಡು ಮಧ್ಯಾಹ್ನ ಬೆಳಕು ತೂಗುಗುಂಡಿನ ನೇರಕ್ಕೆ ಕಾಂಡದ ಪಕ್ಕದಲ್ಲೇ ಇಳಿಯುತ್ತದೆ, ನೆಲದ ಬೊಟ್ಟುಗಳು ಅಚ್ಚುಕಟ್ಟಾಗಿ ದುಂಡಗಾಗುತ್ತವೆ. ದಟ್ಟ ಮಳೆಕಾಡಿನ ನೆಲಕ್ಕೆ ಮುಟ್ಟುವ ಬೆಳಕು ನೂರರಲ್ಲಿ ಒಂದೆರಡು ಪಾಲು ಮಾತ್ರ. ನೆರಳಿನ ಸಸಿಗಳು ಬದುಕುವುದೇ ಈ ಬೊಟ್ಟುಗಳನ್ನು ನಂಬಿ. ನಮಗೆ ಚಿತ್ರವಾಗಿ ಕಂಡದ್ದು ಅವಕ್ಕೆ ಊಟ!

ಇಷ್ಟೆಲ್ಲ ಇದ್ದೂ ನಮ್ಮ ಬನಗಳಿಗೆ ಚಿತ್ರಕಾರರು ಎಲ್ಲಿ? ಧೂಪದ ಮರದ ಚಿತ್ರ ಮುನ್ನೂರು ವರ್ಷಕ್ಕೂ ಹಿಂದಿನದು ಸಿಗುತ್ತದೆ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥದಲ್ಲಿ ಅದು ಮಲಯಾಳದ ಹೆಸರು ಹೊತ್ತು ನಿಂತಿದೆ. ಇಟ್ಟಿ ಅಚ್ಯುತನ್ ವೈದ್ಯರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರೂ ದುಡಿದ ಗ್ರಂಥವದು. ಆದರೆ ಅಲ್ಲಿರುವುದು ಕೊಂಬೆ, ಹೂ, ಕಾಯಿ. ಕಾಡಿಲ್ಲ, ಬೆಳಕಿಲ್ಲ. ಮರದ ಬೆಳಕನ್ನು ಹಿಡಿದ ಕನ್ನಡಿಗ ಎಂದರೆ ರುಮಾಲೆ ಚೆನ್ನಬಸವಯ್ಯ. ಸ್ವಾತಂತ್ರ್ಯ ಹೋರಾಟಗಾರ, ಪತ್ರಿಕಾ ಸಂಪಾದಕ. ಬೆಂಗಳೂರಿನ ಹೂಮರಗಳನ್ನು ಅವರು ಬರೆದ ಪರಿಯಲ್ಲಿ ಬಿಸಿಲು ಇಂದಿಗೂ ಆರಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. 1983ರಲ್ಲಿ ಹೊರತಂದ ತಮ್ಮ ವನ್ಯಜೀವಿ ಛಾಯಾಚಿತ್ರಗಳ ಪುಸ್ತಕಕ್ಕೆ ಅವರಿಟ್ಟ ಹೆಸರೇ ‘ಸನ್‌ಲೈಟ್ ಅಂಡ್ ಷಾಡೋಸ್’. ಮತ್ತೆ 2022ರ ‘ಕಾಂತಾರ’ ಸಿನಿಮಾ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಕರಾವಳಿಯ ಕಾಡಿನ ಕತ್ತಲನ್ನೂ ಅದರೊಳಗೆ ತೂರಿದ ಬೆಳಕನ್ನೂ ದೇಶಕ್ಕೆಲ್ಲ ತೋರಿಸಿತು. ಆದರೆ ಬನವನ್ನು ಬನವಾಗಿಯೇ, ಕತೆಯಿಲ್ಲದೆ, ದೈವದ ಅಬ್ಬರವಿಲ್ಲದೆ, ಬೂದು ಕಾಂಡ ಮತ್ತು ಬಿಸಿಲ ಬೊಟ್ಟುಗಳ ಚಿತ್ರವಾಗಿ ನೋಡುವ ಕೆಲಸ ಇನ್ನೂ ನಮಗಾಗಿ ಕಾದಿದೆ. ಇದು ನನ್ನ ಗಟ್ಟಿ ಅನಿಸಿಕೆ.

ಕಾಯುವ ಹೊತ್ತೂ ಹೆಚ್ಚಿಲ್ಲ. ತಲಪಾಡಿಯಿಂದ ಈಚೆಗೆ ಹೆದ್ದಾರಿ ಆರು ಪಥವಾಯಿತು. ಉಪ್ಪಳದ ದಾರಿಬದಿಯ ನೆರಳು ಅದರೊಂದಿಗೆ ಹೋಯಿತು. ತುಳುನಾಡಿನ ಎಷ್ಟೋ ಬನಗಳಲ್ಲಿ ಮರ ತೆಗೆದು, ಸುತ್ತ ಕಾಂಕ್ರೀಟು ಹಾಕಿ, ನಡುವೆ ನಾಗನ ಕಟ್ಟೆ ಮಾತ್ರ ಉಳಿಸಿದ್ದಾರೆ. ಭಕ್ತಿ ಇದೆ, ನಿಜ. ಆದರೆ ಆ ಬಿರುಬಿಸಿಲಿನ ಟೈಲ್ಸ್ ಮೇಲೆ ಒಂದು ಬೊಟ್ಟೂ ಬೀಳದು. ಫಾಂಟೆನ್‌ಬ್ಲೋದಲ್ಲಿ ಚೆಂದವೇ ಕಾಡನ್ನು ಕಾದಿತ್ತು. ನಮ್ಮಲ್ಲಿ ನಂಬಿಕೆ ಕಾದಿತ್ತು. ಆ ನಂಬಿಕೆಗೆ ಕಣ್ಣಿನ ಪ್ರೀತಿಯೂ ಜೊತೆಯಾದರೆ ಉಳಿದ ಮರಗಳು ಉಳಿದಾವು ಎಂಬ ಆಸೆ ನನಗಿದೆ.

ನೋಡುವುದು ಕಷ್ಟವೇನಲ್ಲ. ಬನದೊಳಗೆ ಕ್ಯಾಮೆರಾ ಒಯ್ಯುವುದು ಹಲವೆಡೆ ಪದ್ಧತಿಯಲ್ಲ, ಬೇಡ. ಅಂಚಿನ ನೆರಳೇ ಸಾಕು. ಬಿಳಿ ಪಂಚೆಯೊಂದನ್ನು ನೆಲದ ಮೇಲೆ ಹರಡಿ. ತರಗೆಲೆಯಲ್ಲಿ ಕಳೆದುಹೋಗುತ್ತಿದ್ದ ಬೊಟ್ಟುಗಳೆಲ್ಲ ಥಟ್ಟನೆ ಎದ್ದು ಕಾಣುತ್ತವೆ. ಗಾಳಿ ಬಂದಾಗ ಹಳೆಯವು ಅಳಿದು ಹೊಸವು ಹುಟ್ಟುತ್ತವೆ, ಅಂಚುಗಳು ಬೆರೆಯುತ್ತವೆ, ಮೋಡ ಸರಿದರೆ ಮೋಡದ ಅಂಚೂ ಸೂರ್ಯನ ಮೇಲೆ ಹಾದುಹೋಗುವುದು ಕಾಣುತ್ತದೆ.

ಮುಂದಿನ ದೊಡ್ಡ ಅವಕಾಶ 2031ರ ಮೇ 21, ಬುಧವಾರ. ಅಂದಿನ ಕಂಕಣ ಗ್ರಹಣದ ದಾರಿ ಕೇರಳದ ದಕ್ಷಿಣ ಭಾಗದ ಮೇಲೆ ಹಾದುಹೋಗಲಿದೆ. ಉಪ್ಪಳಕ್ಕೆ ಪೂರ್ಣ ಬಳೆ ಸಿಗದು, ತೆಳ್ಳನೆಯ ಬಿದಿಗೆಚಂದ್ರ ಸಿಗುತ್ತಾನೆ. ಅದೂ ಮಧ್ಯಾಹ್ನ, ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವಾಗಲೇ! ಮಳೆಗಾಲ ಸಾಮಾನ್ಯವಾಗಿ ಆಗಿನ್ನೂ ಶುರುವಾಗಿರುವುದಿಲ್ಲ, ಶಾಲೆಗಳಿಗೆ ಬೇಸಗೆ ರಜೆ. ಬರಿಗಣ್ಣಿನಿಂದ ಮೇಲೆ ನೋಡಬಾರದೆಂದು ಮಕ್ಕಳಿಗೆ ಹೇಳಿ, ಪಂಚೆ ಹಿಡಿದು ಯಾವುದಾದರೂ ಹಳೆಯ ಮರದ ಬುಡಕ್ಕೆ ಎಲ್ಲರನ್ನೂ ಕರೆದುಕೊಂಡು ಬನ್ನಿ.